ಮೇಣದ ಹಲ್ಲಿನ ಹನ್ನೊಂದು ದಿನ

ಕಟ್ಟುಹಲ್ಲು ತಯಾರಿಸುವ ನನ್ನ ಕಾರ್ಯಾಗಾರದ ಒಂದು ಗೋಡೆಗೆ, ನೆಲದಿಂದ ಮೊದಲ್ಗೊಂಡು ಕೈ ಎಟುಕುವಷ್ಟು ಎತ್ತರದವರೆಗೆ, ಆರು ಸಾಲು ಮರದ ಹಲಗೆಗಳಿವೆ. ಪ್ರತಿಯೊಂದು ಹಲಗೆಯ ಮೇಲೂ ರಟ್ಟಿನ ಸಣ್ಣ ಪೆಟ್ಟಿಗೆಗಳು; ಪ್ರತಿಯೊಂದು ಪೆಟ್ಟಿಗೆಯೊಳಗೂ ಯಾರೋ ಒಬ್ಬರ ಬಾಯಿಯ ಪ್ಲಾಸ್ಟರ್ ಅಚ್ಚು; ಪ್ರತಿಯೊಂದರ ಮುಖಕ್ಕೂ ಒಂದು ಚೀಟಿ. ಚೀಟಿಯ ಮೇಲೆ ಕ್ರಮಸಂಖ್ಯೆ, ಕಳಿಸಿದ ವೈದ್ಯರ ಗುರುತು, ಕೆಲಸ ಮುಗಿಸಿ ಕೊಡಬೇಕಾದ ದಿನಾಂಕ. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಚೀಟಿಯ ದಿನಾಂಕವೂ ನನ್ನಿಂದ ಮೀರಿದ್ದಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗಲೂ ಹೇಳಿಕೊಂಡರೆ ಅದು ಸುಳ್ಳಾಗದು. ಏಕೆಂದರೆ ಕೆಳಗಿನ ಸಾಲಿನ ಎಡ ಮೂಲೆಯಲ್ಲಿದ್ದ ಪೆಟ್ಟಿಗೆಯ ಚೀಟಿಗೆ ನಾನು ದಿನಾಂಕವನ್ನೇ ಬರೆದಿರಲಿಲ್ಲ. ಅದರ ಮೇಲಿದ್ದದ್ದು ಒಂದೇ ಮಾತು: ‘ಮನೆ’.

ಆ ಪೆಟ್ಟಿಗೆಯೊಳಗಿದ್ದದ್ದು ನನ್ನ ಹೆಂಡತಿಯ ಬಾಯಿ.

ವಸಡಿನ ಕಾಯಿಲೆಯಿಂದ ಅವಳ ಹಲ್ಲುಗಳು ಒಂದೊಂದಾಗಿ ಸಡಿಲವಾಗಿ, ಕೊನೆಗೆ ಎಲ್ಲವನ್ನೂ ತೆಗೆಸಲೇಬೇಕಾಗಿ ಬಂದಿತ್ತು. ತೆಗೆದವರು ನನ್ನ ಕಾರ್ಯಾಗಾರದ ಮೇಲಿನ ಮಹಡಿಯಲ್ಲಿ ಚಿಕಿತ್ಸಾಲಯ ನಡೆಸುವ ಡಾಕ್ಟರು; ಇಪ್ಪತ್ತು ವರ್ಷಗಳಿಂದ ನನಗೆ ಕೆಲಸ ಕಳಿಸುತ್ತಿರುವವರು. ಹಲ್ಲು ಕೀಳುವ ಮೊದಲು, ಇರುವ ಹಲ್ಲುಗಳು ಹೇಗಿವೆಯೋ ಹಾಗೆಯೇ ಒಂದು ಅಚ್ಚು ತೆಗೆದಿಡುವುದು ನಮ್ಮ ಕಸುಬಿನಲ್ಲಿ ಕಡ್ಡಾಯ. ಮುಂದೆ ಕಟ್ಟುಹಲ್ಲು ಜೋಡಿಸುವಾಗ ಮನುಷ್ಯನ ಮುಖ ಮನುಷ್ಯನಿಗೆ ಮರಳಿ ಸಿಗಬೇಕಾದರೆ ಅದೊಂದೇ ಆಧಾರ. ಈ ನಿಯಮವನ್ನು ಎಷ್ಟೋ ವೈದ್ಯರಿಗೆ ನಾನೇ ಕಲಿಸಿದ್ದೇನೆ. ಅದಕ್ಕಾಗಿಯೇ ಅವರೆಲ್ಲ ನನ್ನನ್ನು ಮೇಷ್ಟ್ರೇ ಎನ್ನುವುದು.

“ಮೇಷ್ಟ್ರೇ, ಮನೆಯವರದ್ದೂ ಒಂದು ಅಚ್ಚು ತೆಗೆದಿಡ್ತೀನಿ. ಹತ್ತು ನಿಮಿಷ, ನೀವೂ ಪಕ್ಕದಲ್ಲಿದ್ರೆ ಒಳ್ಳೇದು,” ಎಂದು ಡಾಕ್ಟರು ಅಂದು ಫೋನಿನಲ್ಲಿ ಹೇಳಿದ್ದರು.

“ಬಿಡಿ ಡಾಕ್ಟ್ರೇ. ಮೂವತ್ತೊಂದು ವರ್ಷದಿಂದ ನೋಡ್ತಿರೋ ಬಾಯಿ. ಕಣ್ಣು ಮುಚ್ಕೊಂಡು ಜೋಡಿಸ್ತೀನಿ.”

ಅಂದು ನಾಲ್ಕು ಪೆಟ್ಟಿಗೆಗಳ ಗಡುವಿತ್ತು. ಮೆಟ್ಟಿಲು ಹತ್ತಿ ಹೋಗಿಬರಲು ಹತ್ತು ನಿಮಿಷ ನನಗೆ ಸಿಗಲಿಲ್ಲ.

ಮೂರು ತಿಂಗಳು ಕಳೆದು ವಸಡು ಮಾಗಿದ ಮೇಲೆ ಬರಿ ಬಾಯಿಯ ಅಚ್ಚು ತೆಗೆದು ಡಾಕ್ಟರು ಕೆಳಗೆ ಕಳಿಸಿದರು. ನಾನು ಪೆಟ್ಟಿಗೆ ಮಾಡಿ, ಚೀಟಿ ಅಂಟಿಸಿ, ಮೇಲಿನ ಸಾಲಿನಲ್ಲಿಯೇ ಇಟ್ಟೆ. ಆ ವಾರ ಪೊಲೀಸ್ ಬ್ಯಾಂಡಿನಲ್ಲಿ ಕಹಳೆ ಊದುವವನೊಬ್ಬ ಮುಂದಿನ ಎರಡು ಹಲ್ಲು ಮುರಿದುಕೊಂಡು ಬಂದ. ಹಲ್ಲಿಲ್ಲದಿದ್ದರೆ ಅವನ ಕೆಲಸವೇ ಹೋಗುತ್ತಿತ್ತು. ಮರುವಾರ ಮಗಳ ಮದುವೆಯಿಟ್ಟುಕೊಂಡ ತಂದೆಯೊಬ್ಬ. ಅದರ ಮರುವಾರ ಚುನಾವಣೆಗೆ ನಿಂತ ಮನುಷ್ಯ. ಪ್ರತಿಯೊಬ್ಬನ ಅವಸರಕ್ಕೂ ಒಂದು ನ್ಯಾಯವಿತ್ತು. ‘ಮನೆ’ ಎಂಬ ಪೆಟ್ಟಿಗೆ ಮಾತ್ರ ಒಂದೊಂದೇ ಸಾಲು ಕೆಳಗಿಳಿದು, ಐದು ತಿಂಗಳೊಳಗೆ ನೆಲಕ್ಕೆ ಬಂದು, ಮೂಲೆ ಸೇರಿತು. ಅದನ್ನು ಅಲ್ಲಿಟ್ಟವರು ಬೇರೆ ಯಾರೂ ಅಲ್ಲ. ಪ್ರತಿ ಸಲವೂ ಅದನ್ನು ಎತ್ತಿದ ಕೈ ನನ್ನದೇ. ಎತ್ತಿದಾಗಲೆಲ್ಲ ‘ಮನೆಯ ಕೆಲಸ ತಾನೆ, ನಾಳೆ ಮಾಡಿದರಾಯಿತು’ ಎಂದುಕೊಂಡದ್ದೂ ನಾನೇ.

ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಮತ್ತೆ ಮನೆ ಸೇರುವಾಗ ಬೀದಿಯ ಅಂಗಡಿಗಳ ಬಾಗಿಲು ಹಾಕಿರುತ್ತಿತ್ತು. ಭಾನುವಾರಗಳೂ ಹಾಗೆಯೇ. “ನಂದು ಆಗ್ಲೇ ಊಟ ಆಯ್ತು ರೀ,” ಎಂದು ಅವಳು ನನ್ನೊಬ್ಬನಿಗೇ ಬಡಿಸುತ್ತಿದ್ದಳು. ನಾನು ತಡವಾಗಿ ಬರುವುದರಿಂದ ಅವಳು ಮೊದಲೇ ಉಣ್ಣುತ್ತಾಳೆಂದು ತಿಳಿದಿದ್ದೆ. ಬರಿಯ ವಸಡಿನಲ್ಲಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಅರೆಯುವ ತನ್ನ ಮುಖವನ್ನು ನನಗೆ ತೋರಿಸಲಾರದೆ ಹಾಗೆ ಮಾಡುತ್ತಿದ್ದಳೆಂಬುದು ನನಗೆ ಹೊಳೆಯಲೇ ಇಲ್ಲ. ಸೇಬನ್ನು ಕಚ್ಚಿ ತಿನ್ನುವುದೆಂದರೆ ಅವಳಿಗೆ ಪ್ರಾಣ. ಅಡುಗೆಮನೆಯಲ್ಲಿ ತುರಿಯುವ ಮಣೆಗೆ ಸೇಬಿನ ಸಿಪ್ಪೆ ಅಂಟಿಕೊಂಡಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕಂಡು, ಏಕೆಂದು ಯೋಚಿಸದೆ ತೊಳೆದಿಟ್ಟಿದ್ದೇನೆ. ನಗುವಾಗ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಊರಿನ ಅರ್ಧ ಜನರಿಗೆ ನಗು ಕಟ್ಟಿಕೊಟ್ಟವನ ಮನೆಯಲ್ಲಿ ನಗುವಿಗೆ ಒಂದು ಕೈ ಅಡ್ಡವಿತ್ತು.

ಅವಳು ಬೇರೆ ಕಡೆ ಮಾಡಿಸಿಕೊಳ್ಳಬಹುದಿತ್ತು. ಸೇತುವೆಯಾಚೆ ಇನ್ನೊಂದು ಕಾರ್ಯಾಗಾರವಿದೆ. ನನ್ನಲ್ಲಿ ಹದಿನೈದು ವರ್ಷಗಳಿಂದ ಹಲ್ಲುಗಳಿಗೆ ಹೊಳಪು ಕೊಡುತ್ತಿರುವ ಹೆಂಗಸು (ಅವಳನ್ನು ಎಲ್ಲರೂ ಪಾಲಿಶಮ್ಮ ಎಂದೇ ಕರೆಯುವುದು) ಒಮ್ಮೆ ಇದನ್ನೇ ನನ್ನ ಹೆಂಡತಿಗೆ ಸೂಚಿಸಿದಳಂತೆ. “ಹಲ್ಲು ಕಟ್ಟೋರ ಹೆಂಡ್ತಿ ಇನ್ನೊಬ್ಬರ ಮುಂದೆ ಬಾಯಿ ತೆಗೆದ್ರೆ ಇವರು ತಲೆ ಎತ್ಕೊಂಡು ಓಡಾಡೋದು ಹೇಗೆ?” ಎಂದಳಂತೆ ನನ್ನವಳು. ಈ ಮಾತು ನನಗೆ ತಲುಪಿದ್ದು ಬಹಳ ತಡವಾಗಿ.

ಅವಳು ಕಳೆದುಕೊಂಡದ್ದು ಸೇಬನ್ನು ಮಾತ್ರ ಅಲ್ಲ. ಪಕ್ಕದ ಬೀದಿಯ ಮಕ್ಕಳ ಗ್ರಂಥಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರತಿ ಶನಿವಾರ ನಾಲ್ಕು ಗಂಟೆಗೆ ಅವಳು ಕಥೆ ಓದುತ್ತಿದ್ದಳು. ಸಂಬಳವಿಲ್ಲದ ಕೆಲಸ, ಆದರೆ ಅವಳ ವಾರವೆಲ್ಲ ಆ ಒಂದು ಗಂಟೆಯ ಸುತ್ತ ತಿರುಗುತ್ತಿತ್ತು. ಹಲ್ಲು ಹೋದ ಮೇಲೆ ‘ಸ’ಕಾರ ಗಾಳಿಯಾಯಿತು, ‘ತ’ಕಾರ ತುಟಿಯಲ್ಲಿ ಸಿಕ್ಕಿಹಾಕಿಕೊಂಡಿತು. ಅವಳು ಹೋಗುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ನನಗೆ ಗೊತ್ತಿತ್ತು. ಅದರ ಬಗ್ಗೆ ನಾನು ಒಂದು ಮಾತನ್ನೂ ಆಡಲಿಲ್ಲ.

ಅಚ್ಚು ನನ್ನ ಕೈ ಸೇರಿ ಹದಿನಾಲ್ಕು ತಿಂಗಳಾದಾಗ, ಒಂದು ಗುರುವಾರ ಮುಂಜಾನೆ ಗ್ರಂಥಪಾಲಕರೇ ನನ್ನ ಕಾರ್ಯಾಗಾರಕ್ಕೆ ಬಂದರು. ಸಂಕೋಚದ ಮನುಷ್ಯ, ಬಾಗಿಲಲ್ಲೇ ನಿಂತು ಮಾತನಾಡಿದರು.

“ಅಮ್ಮಾವ್ರನ್ನ ಕೇಳಿದ್ರೆ ‘ಯಜಮಾನ್ರನ್ನ ಕೇಳಿ’ ಅಂತಾರೆ. ಅದಕ್ಕೇ ಬಂದೆ. ಶನಿವಾರದ ಕಥೆ ಅವರ ಕೈಲೇ ಮತ್ತೆ ಶುರು ಮಾಡ್ಸೋಣ ಅಂತ. ಆಗಲ್ಲ ಅಂದ್ರೆ ಬೇರೆ ಒಬ್ಬರು ಕೇಳ್ತಾ ಇದಾರೆ, ಅವರಿಗೆ ಹೂಂ ಅಂದ್ಬಿಡ್ತೀನಿ. ಎಷ್ಟು ದಿನ ಅಂತ ಕಾಯೋದು, ಹೇಳಿ.”

ಡಾಕ್ಟರ ಆಳು, ಪಾಲಿಶಮ್ಮ, ಇಬ್ಬರು ಗಿರಾಕಿಗಳು, ಎಲ್ಲರೂ ಕೇಳಿಸಿಕೊಂಡರು. ಮುಖಕ್ಕೆ ರಕ್ತ ನುಗ್ಗಿತು. “ಈ ಶನಿವಾರವೇ ಬರ್ತಾಳೆ. ಬರ್ಕೊಳ್ಳಿ,” ಎಂದುಬಿಟ್ಟೆ. ಅವಳನ್ನು ಕೇಳಲಿಲ್ಲ. ಅವಳ ಶನಿವಾರವನ್ನು ಹಾಳು ಮಾಡಿದವನೇ ಅದನ್ನು ಮರಳಿ ಕೊಡುವ ದಾತನ ಹಾಗೆ ಮಾತನಾಡಿದೆ.

ಪೆಟ್ಟಿಗೆಯ ಧೂಳು ಕೊಡವಿ, ಬೇರೆ ಕೆಲಸಗಳ ಸಂದಿನಲ್ಲಿ ಎರಡೇ ದಿನದಲ್ಲಿ ಹಲ್ಲಿನ ಸೆಟ್ಟು ಮುಗಿಸಿದೆ. ಮೊದಲು ಮೇಣದಲ್ಲಿ ಜೋಡಿಸಿ, ಬಾಯಿಗಿಟ್ಟು ನೋಡಿ, ತಿದ್ದಿ, ಆಮೇಲೆ ಗಟ್ಟಿ ವಸ್ತುವಿನಲ್ಲಿ ಎರಕ ಹೊಯ್ಯುವುದು ಕ್ರಮ. ನೋಡುವ ಹಂತವನ್ನೇ ಬಿಟ್ಟೆ. ಶನಿವಾರ ಬೆಳಗ್ಗೆ ಬೂಟಿನ ಲೇಸು ಕಟ್ಟುತ್ತ ಕೇಳಿದೆ: “ಹೇಗಿದೆ?”

“ಹೂಂ. ಚೆನ್ನಾಗಿದೆ,” ಎಂದಳು. ನಾನು ತಲೆಯೆತ್ತಿ ನೋಡಲಿಲ್ಲ.

ಸೋಮವಾರ ಪಾಲಿಶಮ್ಮ ಕೆಲಸಕ್ಕೆ ಬಂದವಳು, ಎಂದಿನಂತೆ ಹೊಳಪಿನ ಚಕ್ರವನ್ನು ಓಡಿಸದೆ, ಮೂಗಿನ ಮೇಲಿನ ಬಟ್ಟೆಯನ್ನು ಕತ್ತಿಗಿಳಿಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು.

“ಅಣ್ಣಾ, ಅತ್ತಿಗೆಗೆ ಹಲ್ಲು ಕಟ್ಟಿದ್ದು ನೀವೇನಾ?”

“ಮತ್ತಿನ್ಯಾರು?”

“ಅಲ್ಲ, ಕೇಳ್ದೆ ಅಷ್ಟೆ. ಯಾವನೋ ಕೈಲಾಗದೋನು ಕಟ್ಟಿರ್ಬೇಕು ಅಂದ್ಕೊಂಡೆ.”

“ನೆಟ್ಟಗೆ ಮಾತಾಡು.”

“ನೆಟ್ಟಗೇ ಹೇಳ್ತೀನಿ, ಕೇಳಿ. ನನ್ನ ಮೊಮ್ಮಗಳು ಶನಿವಾರ ಅಲ್ಲೇ ಇದ್ದಳು. ಕಥೇಲಿ ರಾಜ ‘ಸುಮ್ಮನಿರಿ!’ ಅಂತ ಗುಡುಗೋ ಜಾಗಕ್ಕೆ ಬಂದಾಗ, ಮೇಲಿನ ಸೆಟ್ಟು ಪೂರ್ತಿ ಪುಸ್ತಕದ ಮೇಲೆ ಬಿತ್ತಂತೆ. ಮಕ್ಕಳು ಅದೂ ಕಥೇನೇ ಅಂದ್ಕೊಂಡು ಚಪ್ಪಾಳೆ ಹೊಡೆದ್ರಂತೆ. ‘ಇನ್ನೊಂದ್ ಸಲ ಅಜ್ಜೀ, ಇನ್ನೊಂದ್ ಸಲ’ ಅಂತ.”

ನಾನು ಕೈಯಲ್ಲಿದ್ದ ಮೇಣದ ಚಾಕುವನ್ನು ಮೇಜಿನ ಮೇಲಿಟ್ಟೆ. “ಆಮೇಲೆ?”

“ಅತ್ತಿಗೇನೂ ನಕ್ಕರಂತೆ. ನಗದೆ ಇನ್ನೇನು ಮಾಡ್ತಾರೆ? ಹಲ್ಲನ್ನ ಕರ್ಚೀಫಲ್ಲಿ ಸುತ್ಕೊಂಡು, ಪುಸ್ತಕಾನ ದೊಡ್ಡ ಹುಡುಗೀರ ಕೈಗೆ ಕೊಟ್ಟು, ಮಕ್ಕಳ ಜೊತೆ ನೆಲದ ಮೇಲೆ ಕೂತ್ಕೊಂಡು ಕೇಳಿದ್ರಂತೆ. ಕಥೆ ಓದೋಕೆ ಹೋದೋರು ಕಥೆ ಕೇಳ್ಕೊಂಡು ಬಂದ್ರು.” ಅವಳು ಬಟ್ಟೆಯನ್ನು ಮತ್ತೆ ಮೂಗಿಗೇರಿಸಿದಳು. “ಹದಿನೈದು ವರ್ಷ ನಿಮ್ಮ ಕೆಲಸಕ್ಕೆ ಹೊಳಪು ಕೊಟ್ಟಿದೀನಿ ಅಣ್ಣಾ. ಆ ಸೆಟ್ಟು ನನ್ನ ಕೈಯಲ್ಲೂ ಹಾದು ಹೋಗಿತ್ತಲ್ಲ ಅಂತ ನಾಚಿಕೆ ಆಗ್ತಿದೆ.”

ಶನಿವಾರ ಕಳೆದು ನಡುವೆ ಒಂದು ಇಡೀ ಭಾನುವಾರವಿತ್ತು. ಆ ಭಾನುವಾರ ನಾನು ಇದೇ ಮೇಜಿನ ಮುಂದೆ ಕುಳಿತಿದ್ದೆ. ಹೆಂಡತಿ ಹೇಳಲಿಲ್ಲ, ಹೇಳುವುದಕ್ಕೆ ಎದುರಿಗೆ ಒಬ್ಬ ಬೇಕಲ್ಲ.

ಅಚ್ಚನ್ನು ಅಂಗೈಯಲ್ಲಿ ಹಿಡಿದು ಮಹಡಿಗೆ ಹೋದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಅಡಿಯಲ್ಲಿ ತಾವೇ ಗೀಚಿದ್ದ ತಾರೀಖನ್ನು ಓದಿ, ನನ್ನ ಮುಖವನ್ನು ನೋಡಿದರು.

“ಮೇಷ್ಟ್ರೇ, ಇದು ಹೋದ ವರ್ಷದ್ದು.”

ಅಚ್ಚನ್ನು ಅವರು ಮೇಜಿನ ಮೇಲಿಟ್ಟರು.

“ಹಲ್ಲು ಹೋದ ಮೇಲೆ ವಸಡು ಕರಗ್ತಾನೇ ಇರುತ್ತೆ, ಅಚ್ಚು ಹಳೇದಾದ್ರೆ ಕಸದ ಬುಟ್ಟಿಗೆ ಹಾಕ್ಬೇಕು ಅಂತ ನನಗೆ ಪಾಠ ಹೇಳಿದೋರು ಯಾರು? ಮೊನ್ನೆ ಆ ಹೊಸ ಡಾಕ್ಟ್ರು ಆರು ತಿಂಗಳ ಹಿಂದಿನ ಅಚ್ಚು ಕಳಿಸಿದ್ದಕ್ಕೆ, ‘ನೀವು ಓದಿದ್ದು ಯಾವ ಕಾಲೇಜು’ ಅಂತ ಫೋನಲ್ಲಿ ಬೈದಿರಿ. ನಾನು ಇಲ್ಲಿ ಕೂತು ಕೇಳಿಸ್ಕೊಂಡು ನಗ್ತಿದ್ದೆ.”

ಈ ಕಸುಬಿನ ಮೊದಲ ದಿನ ಕಲಿಯುವ ಪಾಠವನ್ನು ಮೂವತ್ತನಾಲ್ಕನೆಯ ವರ್ಷದಲ್ಲಿ ನಾನು ಮರೆತಿದ್ದೆ. ಮರೆತದ್ದೆಂದರೂ ತಪ್ಪು, ಬೇರೆ ಯಾರ ಪೆಟ್ಟಿಗೆಯ ವಿಷಯದಲ್ಲೂ ಮರೆಯುತ್ತಿರಲಿಲ್ಲ. ಅವಳ ಬಾಯಿ ನಾನು ಬಿಟ್ಟಲ್ಲಿಯೇ, ಬಿಟ್ಟ ಹಾಗೆಯೇ, ನನ್ನ ಬಿಡುವಿಗಾಗಿ ಕಾದಿರುತ್ತದೆಂದು ನಂಬಿದ್ದೆ.

ಅಂದು ಮಧ್ಯಾಹ್ನವೇ ಮನೆಗೆ ಹೋಗಿ ಅವಳನ್ನು ಚಿಕಿತ್ಸಾಲಯಕ್ಕೆ ಕರೆತಂದೆ. ಮೇಲಿನ ವಸಡಿನಲ್ಲಿ ಸೆಟ್ಟಿನ ಅಂಚು ಕೊರೆದ ಗಾಯವಿತ್ತು, ಅಕ್ಕಿಕಾಳಿನಷ್ಟು. ಆ ಅಂಚನ್ನು ಉಜ್ಜದೆ ಬಿಟ್ಟದ್ದು ಯಾವ ಗಳಿಗೆಯಲ್ಲೆಂಬುದು ನನಗೆ ನೆನಪಿತ್ತು. ಗಾಯ ಮಾಯಲು ಹತ್ತು ದಿನ ಕಾದು, ಹೊಸ ಅಚ್ಚು ತೆಗೆದಾಗ ಈ ಸಲ ಪಕ್ಕದಲ್ಲಿ ನಾನಿದ್ದೆ. ನಾನು ಕೇಳಿಕೊಂಡದ್ದಕ್ಕೆ ಗ್ರಂಥಪಾಲಕರು ಒಂದು ತಿಂಗಳ ಅವಧಿ ಕೊಟ್ಟರು.

ಹೊಸ ಅಚ್ಚನ್ನು ಮುಂದಿಟ್ಟುಕೊಂಡು, ಗುಲಾಬಿ ಬಣ್ಣದ ಮೇಣವನ್ನು ಕಾಯಿಸಿ, ಮೊದಲ ಹಲ್ಲನ್ನು ಎತ್ತಿಕೊಂಡೆ. ಆಗ ನನ್ನ ಕೈ ನಿಂತಿತು.

ಅವಳ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಒಂದಿಷ್ಟೇ ಏರಿಕೊಂಡಿತ್ತು. ಅಷ್ಟು ನನಗೆ ಗೊತ್ತು. ಯಾವುದು ಯಾವುದರ ಮೇಲೆ? ಕಣ್ಣು ಮುಚ್ಚಿದೆ. ಕಹಳೆಯವನ ಹಲ್ಲು ಕಂಡಿತು. ಚುನಾವಣೆಗೆ ನಿಂತವನ ಹಲ್ಲು ಕಂಡಿತು. ಇಪ್ಪತ್ತು ವರ್ಷಗಳ ಹಿಂದೆ ಬಂದು ಹೋದ ಮುದುಕಿಯೊಬ್ಬಳ ಕೋರೆ ಹಲ್ಲು ಕೂಡ ಕಂಡಿತು. ಹೆಂಡತಿಯ ಮುಖ ಬಂದಾಗ ಅದರ ಬಾಯಿಯ ಮೇಲೆ ಅಂಗೈ ಇತ್ತು. ಮನೆಯಲ್ಲಿದ್ದ ಚಿತ್ರಗಳನ್ನೆಲ್ಲ ತಡಕಿದೆ. ಫೋಟೋದಲ್ಲಿ ತುಟಿ ಬಿಗಿದು ನಿಲ್ಲುವುದು ಅವಳ ಅಭ್ಯಾಸ. ಡಾಕ್ಟರು ತೆಗೆದಿಡುತ್ತೇನೆಂದಿದ್ದ ಆ ಹತ್ತು ನಿಮಿಷದ ಅಚ್ಚು ನೆನಪಾಯಿತು. ಕೊನೆಗೆ ಸೋತು ಅವಳನ್ನೇ ಕೇಳಿದೆ.

ಅವಳು ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

“ಮೂವತ್ತೊಂದು ವರ್ಷ ಎದುರಿಗೇ ಇತ್ತಲ್ರೀ,” ಎಂದಳು, ಕೈ ಅಡ್ಡವಿಟ್ಟುಕೊಂಡು. ಆಮೇಲೆ, “ಬಲಗಡೇದು ಎಡದ್ದರ ಮೇಲೆ,” ಎಂದಳು.

ಕಟ್ಟುಹಲ್ಲಿನ ಬಣ್ಣವನ್ನೂ ತುಟಿಯ ಕೆಳಗೆ ಅದು ಕೂರುವ ರೀತಿಯನ್ನೂ ಹಗಲು ಬೆಳಕಿನಲ್ಲೇ ನೋಡಬೇಕು. ದೀಪದ ಬೆಳಕಿನಲ್ಲಿ ಎಲ್ಲ ಹಲ್ಲೂ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಮೇಣದ ಸೆಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು ನಾಲ್ಕು ಗಂಟೆಗೆ ಮನೆಗೆ ಬಂದೆ. ಕೆಲಸದ ದಿನ ನಾಲ್ಕು ಗಂಟೆಗೆ ನನ್ನ ಮನೆ ಹೇಗಿರುತ್ತದೆಂಬುದನ್ನು ನಾನು ಎಂದೂ ಕಂಡವನಲ್ಲ. ಮುಂದಿನ ಕೋಣೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು, ಅವಳ ಕುರ್ಚಿಯ ತೋಳಿನ ಮೇಲೆ ಬಿದ್ದು, ಅಲ್ಲಿಯ ಬಣ್ಣವನ್ನು ವರ್ಷಾನುಗಟ್ಟಲೆ ತಿಂದು ಬಿಳಿಚಿಸಿತ್ತು. ನನ್ನ ಕುರ್ಚಿಯ ಬಣ್ಣ ಹೊಸದರ ಹಾಗಿತ್ತು.

ಕಿಟಕಿಯ ಬಳಿ ಎದುರೆದುರು ಕುಳಿತೆವು. ಮಧ್ಯದ ಸ್ಟೂಲಿನ ಮೇಲೆ ತಣ್ಣೀರಿನ ಬಟ್ಟಲು. ಬಾಯಿಯ ಶಾಖಕ್ಕೆ ಮೇಣ ಮೆದುವಾಗುತ್ತದೆ. ಐದಾರು ನಿಮಿಷಕ್ಕೊಮ್ಮೆ ತೆಗೆದು ನೀರಿನಲ್ಲಿ ಬಿಡಬೇಕು. ಉಚ್ಚಾರ ಪರೀಕ್ಷಿಸಲು ರೋಗಿಯಿಂದ ಏನನ್ನಾದರೂ ಓದಿಸುವುದು ನಮ್ಮ ರೂಢಿ. ಅವಳು ಎದ್ದುಹೋಗಿ ಮಕ್ಕಳ ಪುಸ್ತಕವೊಂದನ್ನು ತಂದಳು: ಉಪ್ಪಿನ ಸಾಹುಕಾರನಾದ ಕರಡಿಯ ಕಥೆ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಓದುವುದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಒಂದು ಪುಟ ಓದಿದಳು. ‘ಸಮುದ್ರ’ ಎಂಬಲ್ಲಿ ಶಿಳ್ಳೆ ಬಂತು.

“ಶಿಳ್ಳೆ ಹೊಡೀತಿದೆ ಕಣೇ.”

“ಕರಡಿ ಹಡಗು ಹತ್ತೋ ಜಾಗ. ಶಿಳ್ಳೆ ಇದ್ರೆ ತಪ್ಪೇನಿಲ್ಲ.”

ಸೆಟ್ಟನ್ನು ನೀರಿಗೆ ಬಿಟ್ಟಳು. ಮೇಣ ಗಟ್ಟಿಯಾಗುವವರೆಗೆ ಮಾಡಲು ಏನೂ ಇರಲಿಲ್ಲ. ನಾನು ಗಡಿಯಾರ ನೋಡಿಕೊಂಡೆ. ಅವಳು ನಾನು ನೋಡಿದ್ದನ್ನು ನೋಡಿದಳು. ಮುಂದಿನ ಪುಟ ನಾಳೆಗಾಯಿತು.

ಮರುದಿನ ಶಿಳ್ಳೆ ಹೋಯಿತು. ಆದರೆ ಅವಳು ಕನ್ನಡಿಯಲ್ಲಿ ನೋಡಿಕೊಂಡು, “ಇಲ್ಲ ರೀ, ಎಡಗಡೇದೇ ಬಲದ್ದರ ಮೇಲೆ ಇತ್ತು ಅನ್ಸುತ್ತೆ,” ಎಂದಳು. ಅದರ ಮರುದಿನ, “ಮೊದಲಿದ್ದದ್ದೇ ಸರಿ ಏನೋಪ್ಪ.” ನಾನು ತಿದ್ದಿಕೊಂಡು ಬಂದೆ. ನೀರಿನ ಬಟ್ಟಲಿನ ಬಿಡುವುಗಳಲ್ಲಿ ಮಾತು ಸ್ವಲ್ಪ ಸ್ವಲ್ಪವಾಗಿ ಬಂತು.

“ಎದುರು ಮನೆಯೋರು ಏನು ಕೇಳಿದ್ರು ಗೊತ್ತಾ? ‘ದಿನಾ ನಾಲ್ಕು ಗಂಟೆಗೆ ಬರ್ತಾರಲ್ಲ, ಯಾರಮ್ಮ ಅವರು, ನಿಮ್ಮ ಕಡೆ ನೆಂಟರಾ?’ ಅಂತ.”

“ನೀನೇನಂದೆ?”

“ಹೂಂ, ದೂರದ ನೆಂಟರು ಅಂದೆ.”

ಅವಳು ನಕ್ಕಳು, ನಕ್ಕ ಮೇಲೆ ಕೈ ಅಡ್ಡ ಬಂದದ್ದು ತುಸು ತಡವಾಗಿ. ನಾನೂ ನಕ್ಕೆ.

ಐದನೆಯ ದಿನ ಕರಡಿಯ ಉಪ್ಪೆಲ್ಲ ಮಳೆಗೆ ಕರಗಿದ ಪುಟವನ್ನು ಓದುತ್ತ ಅವಳು ತಾನೇ ಒಮ್ಮೆ ನಕ್ಕಾಗ, ನಾನು ಕಂಡೆ: ಮೇಲ್ದುಟಿಯ ಎಡಭಾಗ ಬಲಭಾಗಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಏಳುತ್ತಿತ್ತು. ಹಲ್ಲು ಹೋಗಿ ಒಂದೂವರೆ ವರ್ಷವಾಗಿದ್ದರೂ, ಅಲ್ಲಿ ಏರಿ ಕುಳಿತಿದ್ದ ಒಂದು ಹಲ್ಲಿಗೆ ದಾರಿ ಬಿಟ್ಟುಕೊಡುವ ಅಭ್ಯಾಸವನ್ನು ತುಟಿ ಬಿಟ್ಟಿರಲಿಲ್ಲ. ಎಡದ್ದು ಬಲದ್ದರ ಮೇಲೆ. ನನ್ನ ನೆನಪು ಕಳೆದುಕೊಂಡದ್ದನ್ನು ಅವಳ ತುಟಿ ಉಳಿಸಿಕೊಂಡಿತ್ತು. ಕಾಣಲು ಬೇಕಾದದ್ದು ಐದು ದಿನ ಎದುರಿಗೆ ಕುಳಿತು ನೋಡುವುದು ಮಾತ್ರ. ಹಾಗೆಯೇ ಜೋಡಿಸಿ ತಂದೆ. ಆರನೆಯ ದಿನ ಅವಳು ಕನ್ನಡಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, “ಹಲ್ಲು ಸರಿಯಾಯ್ತು. ಆದ್ರೆ ಕೆಳಗೆ ಒತ್ತುತ್ತೆ,” ಎಂದಳು. ಏಳನೆಯ ದಿನ, “ಒತ್ತಲ್ಲ, ಆದ್ರೆ ಎಡಗಡೆ ಏನೋ ಒಂಥರಾ.”

ಎಂಟನೆಯ ದಿನ ಕಹಳೆಯವನು ಮತ್ತೆ ಬಂದ. ಮರುದಿನ ಪರೇಡು, ನಾನು ಕಟ್ಟಿದ ಹಲ್ಲು ಮತ್ತೆ ಮುರಿದಿತ್ತು. ಅವನ ಕೆಲಸ ಹಿಡಿದು ಕುಳಿತವನಿಗೆ ನನ್ನ ಮನೆಯ ಸೆಟ್ಟನ್ನು ಮುಟ್ಟಲೂ ಆಗಲಿಲ್ಲ. ನಾಲ್ಕು ಗಂಟೆಯಾಯಿತು. ಹೋಗದಿದ್ದರೆ ಮುಖವಿಲ್ಲ, ಮಾಡಿಲ್ಲವೆಂದರೆ ಹಳೆಯ ಕಥೆಯೇ ಆಗುತ್ತದೆ. ನಿನ್ನೆ ಡಬ್ಬಿಯಲ್ಲಿಟ್ಟುಕೊಂಡು ಹೋದದ್ದನ್ನೇ ಮುಚ್ಚಳ ತೆರೆಯದೆ ತೆಗೆದುಕೊಂಡು ಬಂದೆ.

“ಎಡಗಡೆ ತಿದ್ದಿದೀನಿ ನೋಡು,” ಎಂದೆ. ನನ್ನ ದನಿ ನಡುಗಲಿಲ್ಲ. ಅಷ್ಟು ಪಳಗಿದ್ದೆ.

ಅವಳು ಸೆಟ್ಟನ್ನು ಬಾಯಿಗಿಟ್ಟು, ನಾಲಿಗೆಯಾಡಿಸಿ, ಒಂದು ಪುಟವನ್ನು ಎಲ್ಲೂ ತಡವರಿಸದೆ ಓದಿದಳು. ಪ್ರತಿಯೊಂದು ‘ಸ’ಕಾರವೂ ಗಾಜು ತಟ್ಟಿದ ಹಾಗಿತ್ತು.

“ಹಾಂ, ನಿನ್ನೆಗಿಂತ ಎಷ್ಟೋ ವಾಸಿ ರೀ. ಎಡಗಡೆ ಹೋಯ್ತು. ಬಲಗಡೆ ಒಂಚೂರು… ನಾಳೆ ನೋಡ್ಬಿಡಿ.”

ಮೊದಲು ಬಂದದ್ದು ಕಸುಬುದಾರನ ಅಹಂಕಾರ: ಸಿಕ್ಕಿಬಿದ್ದಳು ಎನ್ನಿಸಿತು. ಮುಟ್ಟದ ಹಲ್ಲು ವಾಸಿಯಾಗುವುದು ಹೇಗೆ? ಆ ಭಾವ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಒಂದು ಸುಳ್ಳನ್ನು ನಾನು ಹೇಳಿದ್ದೆ, ಒಂದನ್ನು ಅವಳು. ನನ್ನದು ಕಹಳೆಯವನ ಕೆಲಸ ಮುಗಿಸುವುದಕ್ಕಾಗಿ. ಅವಳದು, ನಾಳೆ ನಾಲ್ಕು ಗಂಟೆಗೆ ನಾನು ಮತ್ತೆ ಬರಲೆಂದು. ಹಲ್ಲು ಮುಗಿದರೆ ನಾನು ಹೋಗಿಬಿಡುತ್ತೇನೆಂಬುದು ಅವಳಿಗೆ ತಿಳಿದಿತ್ತು. ಶನಿವಾರದ ಕಥೆಯ ಗಂಟೆಯನ್ನೂ ಕಚ್ಚಿ ತಿನ್ನುವ ಸೇಬನ್ನೂ ಇನ್ನಷ್ಟು ದಿನ ಹಿಂದೂಡಿ, ಬರಿ ಬಾಯಲ್ಲಿ ಕಾಯಲು ಅವಳು ಸಿದ್ಧಳಿದ್ದಳು. ಬದಲಿಗೆ ಅವಳಿಗೆ ಸಿಗುತ್ತಿದ್ದದ್ದು, ಗಡಿಯಾರದ ಮೇಲೆ ಕಣ್ಣಿಟ್ಟು ಕೂರುವ ನನ್ನ ಒಂದು ಗಂಟೆ.

ಒಂಬತ್ತನೆಯ ದಿನವೂ ಹತ್ತನೆಯ ದಿನವೂ ನಾನು ಏನನ್ನೂ ತಿದ್ದದೆ ಹೋದೆ. ಅವಳು ಒಂದೊಂದು ಹೊಸ ಕೊರತೆ ಹೇಳಿದಳು, ನಾನು ತಲೆಯಾಡಿಸಿದೆ. ಕರಡಿ ಉಪ್ಪು ಬಿಟ್ಟು ಜೇನಿನ ವ್ಯಾಪಾರಕ್ಕಿಳಿದು, ಸರಕನ್ನೆಲ್ಲ ತಾನೇ ತಿಂದು ಮುಗಿಸಿತು. ಪಾಲಿಶಮ್ಮ ಡಬ್ಬಿಯನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

“ಅಣ್ಣಾ, ಇಷ್ಟು ದಿನ ಮೇಣದಲ್ಲೇ ಇರೋ ಹಲ್ಲು ನಾನು ನೋಡೇ ಇಲ್ಲ. ಅದು ಏನು ಬಾಯೋ?”

“ಬಾಯಿ ಸರಿಯಾಗಿದೆ. ತಪ್ಪು ಬೇರೆ ಕಡೆ ಇದೆ.”

ಗ್ರಂಥಪಾಲಕರು ಕೊಟ್ಟಿದ್ದ ತಿಂಗಳು ಆ ಶನಿವಾರಕ್ಕೆ ಮುಗಿಯುವುದಿತ್ತು. ಹನ್ನೊಂದನೆಯ ದಿನ, ಬುಧವಾರ ಬೆಳಗ್ಗೆ, ಮಹಡಿ ಹತ್ತಿ ಹೋಗಿ ಡಾಕ್ಟರ ಮುಂದೆ ಕುಳಿತು, ಇನ್ನು ಮುಂದೆ ವಾರಕ್ಕೆ ಹನ್ನೆರಡು ಪೆಟ್ಟಿಗೆಗಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಮೂರೂವರೆಗೆ ಬಾಗಿಲು ಹಾಕುತ್ತೇನೆ, ಭಾನುವಾರ ಇಲ್ಲ ಎಂದೆ.

“ಮೇಷ್ಟ್ರೇ, ಜ್ವರ ಗಿರ ಬಂದಿಲ್ಲ ತಾನೆ?”

“ಇಲ್ಲ.”

“ಮಿಕ್ಕಿದ್ದೆಲ್ಲ ಎಲ್ಲಿಗೆ ಕಳಿಸ್ಲಿ?”

“ಸೇತುವೆ ಆಚೆಯವನಿಗೆ.”

ಡಾಕ್ಟರು ಕನ್ನಡಕ ತೆಗೆದರು. ಸೇತುವೆಯಾಚೆಯವನ ಕೆಲಸವನ್ನು ನಾನು ಇಪ್ಪತ್ತು ವರ್ಷ ಎಲ್ಲರೆದುರಿಗೆ ಆಡಿಕೊಂಡವನು. ಅವನು ಕಟ್ಟಿದ ಹಲ್ಲು ನೋಡಿದರೆ ಕುದುರೆ ನಗುತ್ತದೆ ಎಂದು ಹೇಳಿ ನಗಿಸಿದವನು. ಅಂದು ಮಧ್ಯಾಹ್ನ ಹದಿನೆಂಟು ಪೆಟ್ಟಿಗೆಗಳನ್ನು ನಾನೇ ಕೊಂಡೊಯ್ದು ಅವನ ಮೇಜಿನ ಮೇಲಿಟ್ಟೆ. ಅವನು ನನ್ನ ಹಳೆಯ ಗೇಲಿಯೊಂದನ್ನೂ ಎತ್ತಿ ಆಡಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಓದಿ, “ಆಯ್ತು ಸಾರ್, ಅವರವರ ತಾರೀಖಿಗೆ ಆಗುತ್ತೆ,” ಎಂದ. ಅಲ್ಲಿದ್ದ ಒಂದು ಸೆಟ್ಟನ್ನು ಕಣ್ಣು ತಪ್ಪಿಸಿ ಎತ್ತಿ ನೋಡಿದೆ. ಕೆಲಸ ಚೆನ್ನಾಗಿಯೇ ಇತ್ತು. ಇಷ್ಟು ವರ್ಷ ಅವಸರಕ್ಕೆ ನಾನೊಬ್ಬನೇ ಗತಿಯೆಂದು ನಂಬಿಕೊಂಡು, ಆ ನಂಬಿಕೆಯ ಲೆಕ್ಕಕ್ಕೆ ಅವಳ ಸಂಜೆಗಳನ್ನು ಬರೆದಿದ್ದೆನಲ್ಲ ಎಂಬುದು ಆ ಸೆಟ್ಟಿನ ಅಂಚಿನಷ್ಟು ಹರಿತವಾಗಿ ಚುಚ್ಚಿತು.

ಅಂದು ನಾಲ್ಕಕ್ಕೆ ಅವಳು ಬಲಗಡೆಯ ಮಾತು ತೆಗೆಯುವ ಮೊದಲೇ, “ಇವತ್ತು ಎರಕ ಹೊಯ್ತೀನಿ. ಶನಿವಾರ ನೀನು ಓದ್ಬೇಕು,” ಎಂದೆ.

“ಬಲಗಡೆ ಇನ್ನೂ…”

“ಬಲಗಡೆ ಏನೂ ಇಲ್ಲ ಕಣೇ. ಎಂಟನೇ ದಿನದಿಂದ ನಾನು ಅದನ್ನ ಮುಟ್ಟೇ ಇಲ್ಲ.”

ಅವಳ ಮುಖ ಕೆಳಗಾಯಿತು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ನನ್ನೆದುರು ತಲೆ ತಗ್ಗಿಸಿ ಕೂರುವ ಸರದಿ ಅವಳದಾದದ್ದು ನನಗೆ ಸಹಿಸಲಾಗಲಿಲ್ಲ. ಮೂರೂವರೆಯ ವಿಷಯವನ್ನು, ಸೇತುವೆಯಾಚೆಯ ವಿಷಯವನ್ನು ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. ಇಂಥ ಮಾತುಗಳನ್ನು ಅವಳು ನನ್ನ ಬಾಯಿಂದ ಎಷ್ಟೋ ಸಲ ಕೇಳಿದ್ದಳು. ಇನ್ನೊಂದನ್ನು ಕೇಳಿಸಿ, ಅದನ್ನೂ ನಂಬಿದ ಹಾಗೆ ನಟಿಸುವ ಕಷ್ಟವನ್ನು ಅವಳಿಗೆ ಕೊಡಲಾರದೆ ಹೋದೆ.

ಗುರುವಾರ ಸಂಜೆ ಮುಗಿದ ಸೆಟ್ಟನ್ನು ಕೊಟ್ಟೆ. ಪಾಲಿಶಮ್ಮ ಅದಕ್ಕೆ ಎರಡು ಸಲ ಹೊಳಪು ಕೊಟ್ಟಿದ್ದಳು. ಹೆಂಡತಿ ಅದನ್ನು ಹಾಕಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಕೈ ಅಡ್ಡವಿಡದೆ ನನ್ನತ್ತ ನಕ್ಕಳು. ಎಡದ್ದು ಬಲದ್ದರ ಮೇಲೆ ಒಂದಿಷ್ಟೇ ಏರಿತ್ತು. ಇದನ್ನು ಮರೆತಿದ್ದೆನೇ ಎಂದು ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

“ಚೆನ್ನಾಗಿದೆ ರೀ. ಹಾಗಾದ್ರೆ ಇನ್ನು ಮುಗೀತು,” ಎಂದಳು. ನೀರಿನ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಸ್ಟೂಲನ್ನು ಅದರ ಹಳೆಯ ಮೂಲೆಗೆ ಸರಿಸಿದಳು.

ಶುಕ್ರವಾರ ಮೂರೂವರೆಗೆ ಕಾರ್ಯಾಗಾರದ ಬಾಗಿಲು ಹಾಕಿದೆ. ಕಹಳೆಯವನು ಮೆಟ್ಟಿಲಲ್ಲಿ ಎದುರಾಗಿ, ಇಷ್ಟು ಬೇಗನೇ ಎಂದು ಮುಖ ಊದಿಸಿಕೊಂಡ. ಸೋಮವಾರ ಬಾ ಎಂದೆ. ಕೈಯಲ್ಲಿ ಡಬ್ಬಿಯಿಲ್ಲದೆ ನಡೆಯುವುದು ಅಭ್ಯಾಸವಿಲ್ಲದೆ ಎರಡು ಸಲ ಜೇಬು ತಡವಿಕೊಂಡೆ.

ಮನೆಯ ಬಾಗಿಲು ತಟ್ಟಿದಾಗ ನಾಲ್ಕು ಗಂಟೆ. ಅವಳು ಬಾಗಿಲು ತೆರೆದು, ನನ್ನ ಖಾಲಿ ಕೈಗಳನ್ನು ನೋಡಿದಳು.

“ಏನು ಮರೆತು ಹೋಗಿದ್ರಿ?” ಎಂದಳು. ಹೇಳುತ್ತಲೇ ಹಿಂದಿರುಗಿ ಮೇಜಿನ ಮೇಲೆ, ಕಪಾಟಿನ ಮೇಲೆ ಕಣ್ಣಾಡಿಸಿ ಹುಡುಕತೊಡಗಿದಳು. “ಕನ್ನಡಕಾನಾ? ಬೀಗದ ಕೈಯಾ? ಹೇಳಿ, ತಂದು ಕೊಡ್ತೀನಿ. ನಿಮಗೆ ತಡವಾಗುತ್ತೆ.”

“ಏನೂ ಮರೆತಿಲ್ಲ.”

“ಮತ್ತೆ? ಹಲ್ಲು ಮುಗೀತಲ್ಲ.”

“ಹಲ್ಲು ಮುಗೀತು.”

ಬೂಟು ಬಿಚ್ಚಿ ಒಳಗೆ ಬಂದು, ಬಣ್ಣ ಮಾಸದ ನನ್ನ ಕುರ್ಚಿಯಲ್ಲಿ ಕುಳಿತೆ. ಅವಳು ಒಂದು ಲೋಟಕ್ಕಾಗುವಷ್ಟು ಚಹಾಕ್ಕೆ ನೀರಿಟ್ಟಿದ್ದಳು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ಇನ್ನೊಂದು ಲೋಟ ನೀರು ಸುರಿದಳು. ಆಮೇಲೆ ನಾಳೆಗೆಂದು ತೆಗೆದಿಟ್ಟ ಪುಸ್ತಕವನ್ನು ಹಿಡಿದು ಎದುರಿಗೆ ಕುಳಿತು, ಕರಡಿಯ ಕೊನೆಯ ಪುಟವನ್ನು ಜೋರಾಗಿ ಓದತೊಡಗಿದಳು. ಮಾಡಲು ಕೆಲಸವಿಲ್ಲದ ನನ್ನ ಹೆಬ್ಬೆರಳು, ಇಲ್ಲದ ಮೇಣವನ್ನು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇತ್ತು.

ಪ್ರತಿಯೊಂದು ಸಾಲಿನ ಕೊನೆಗೂ ಅವಳು ಕಣ್ಣೆತ್ತಿ, ನಾನು ಇನ್ನೂ ಇದ್ದೇನೆಯೇ ಎಂದು ನೋಡುತ್ತಿದ್ದಳು.